ನಾಲ್ಕು ಗಂಟೆಯ ಮೆಸೇಜು

ಆಸ್ಪತ್ರೆಯ ಮೂರನೇ ನಂಬರಿನ ಬಿಲ್ ಕೌಂಟರಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿರುವ ಹೆಂಗಸನ್ನು ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ಕರೆಯುವುದು ಬಿಲ್ಲಕ್ಕ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡಿಕೊಂಡಿರುವ ಗಂಡ ಕೂಡ ಕೋಪ ಬಂದರೆ "ಏನು ಬಿಲ್ಲಕ್ಕನವರೇ" ಅನ್ನುತ್ತಾನೆ. ಮೂರು ತಿಂಗಳ ಮಟ್ಟಿಗೆ ರಸೀದಿ ಬರೆಯಲು ಬಂದವಳು ಅವಳು. ಹೆರಿಗೆಗೆ ಹೋದ ಗುಮಾಸ್ತೆ ಮರಳಿ ಬರಲಿಲ್ಲ, ಇವಳು ಎದ್ದು ಹೋಗಲಿಲ್ಲ. ಈಗ ನಿವೃತ್ತಿಗೆ ಆರು ತಿಂಗಳು ಬಾಕಿ.

ಬಾಯಿ ಜೋರು. ಗಾಜಿನ ತೂತಿನಲ್ಲಿ ಮುಖ ಇಡುವವರನ್ನು "ಕಿವಿ ತೂರಿಸ್ಬೇಡಿ, ಕಾಗದ ತೂರಿಸಿ" ಎಂದು ಗದರುತ್ತಾಳೆ. ಆದರೆ ಗದರಿಸಿಕೊಂಡವರೇ ಮುಂದಿನ ಸಲ ಒಂದನೇ ಕೌಂಟರು ಖಾಲಿಯಿದ್ದರೂ ಇವಳ ಸಾಲಿನಲ್ಲೇ ನಿಲ್ಲುತ್ತಾರೆ. ಗಾರೆ ಕೆಲಸದವರಿಗೆ ಒಂದು ಯೋಜನೆ, ಬಾಣಂತಿಗೆ ಒಂದು, ಕಿಡ್ನಿಗೆ ಒಂದು, ಎಪ್ಪತ್ತು ದಾಟಿದವರಿಗೆ ಇನ್ನೊಂದು. ಯಾರಿಗೆ ಯಾವುದು ಒಪ್ಪುತ್ತದೆ ಎಂದು ಅವಳಿಗೆ ಮುಖ ನೋಡಿದರೇ ಗೊತ್ತಾಗುತ್ತದೆ. "ಹಣ ಇಲ್ಲ ಅಂತ ನನ್ನ ಕೌಂಟರಿಂದ ಯಾರೂ ವಾಪಸ್ ಹೋಗಿಲ್ಲ" ಅನ್ನುವುದು ಅವಳ ಜಂಬ. ಸುಳ್ಳು ಜಂಬವಲ್ಲ. ಅದಕ್ಕೇ ಆ ಬುಧವಾರದ್ದು ಅಷ್ಟು ದೊಡ್ಡ ಪೆಟ್ಟಾಯಿತು.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಅತ್ಯಾಚಾರಕ್ಕೆ ಒಳಗಾಗಿ ಬಂದವರ ತಪಾಸಣೆ, ರಕ್ತಪರೀಕ್ಷೆ, ಮಾತ್ರೆ ಎಲ್ಲದರ ಖರ್ಚನ್ನೂ ಕೊಡಲು ಸರ್ಕಾರ ಐದು ವರ್ಷದ ಹಿಂದೆ ಒಂದು ನಿಧಿ ಇಟ್ಟಿದೆ. ಬಂದವರು ಒಂದು ಕಾಸೂ ಬಿಚ್ಚುವಂತಿಲ್ಲ. ಒಳ್ಳೆಯ ಕಾನೂನು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ನಿಧಿಯ ಅರ್ಜಿಯಲ್ಲಿ ಪೊಲೀಸ್ ದೂರಿನ ನಂಬರಿಗೆ ಒಂದು ಖಾನೆ ಇತ್ತು. ಖಾನೆ ಖಾಲಿ ಬಿಟ್ಟರೆ ಹಣ ಬರುವುದಿಲ್ಲ ಎಂದು ಆಸ್ಪತ್ರೆಯವರೆಲ್ಲ ನಂಬಿದ್ದರು. ನಂಬರಿದ್ದರೂ ಹಣ ಕೈಗೆ ಬರುವಷ್ಟರಲ್ಲಿ ವರ್ಷ ತಿರುಗುತ್ತಿತ್ತು. ಆದ್ದರಿಂದ ಲೆಕ್ಕಪತ್ರ ವಿಭಾಗದ ಅಧಿಕಾರಿ ಕೌಂಟರಿನವರಿಗೆಲ್ಲ ಬಾಯಿಮಾತಿನಲ್ಲಿ ಒಂದು ಪದ್ಧತಿ ಹೇಳಿಕೊಟ್ಟಿದ್ದರು: ಮೊದಲು ಕಾರ್ಡು, ಆಮೇಲೆ ನಿಧಿ. ಅಂದರೆ ಮನೆಮಂದಿಯ ಆರೋಗ್ಯ ಕಾರ್ಡು ಇದ್ದರೆ ಅದರ ಮೇಲೆ ಹಾಕಿಬಿಡುವುದು. ಬಿಲ್ ಕ್ಷಣದಲ್ಲಿ ಮಂಜೂರಾಗಿ ಪರದೆಯ ಮೇಲೆ ಹಸಿರಾಗುತ್ತದೆ, ಔಷಧ ಕೈಗೆ ಬರುತ್ತದೆ, ಆಸ್ಪತ್ರೆಗೂ ತಿಂಗಳೊಳಗೆ ಹಣ. ಯಾರಿಗೂ ನಷ್ಟವಿಲ್ಲ ಎಂದು ಬಿಲ್ಲಕ್ಕನೂ ಒಪ್ಪಿದ್ದಳು.

ಬುಧವಾರ ಹನ್ನೊಂದೂವರೆಗೆ ತುರ್ತು ವಿಭಾಗದ ನರ್ಸು, ಎಲ್ಲರ ಬಾಯಲ್ಲಿ ಬರೀ ಸಿಸ್ಟರ್, ಒಂದು ಹಾಳೆ ಹಿಡಿದು ಕೌಂಟರಿನ ಹಿಂಬಾಗಿಲಿಂದ ಬಂದಳು.

"ಅಕ್ಕಾ, ಇದನ್ನ ಮೊದ್ಲು ಮಾಡ್ಕೊಡಿ. ಎಚ್‌ಐವಿ ಸೋಂಕು ತಡೆಯೋ ಮಾತ್ರೆ, ಎಪ್ಪತ್ತೆರಡು ಗಂಟೆ ಒಳಗೆ ಶುರು ಆಗ್ಬೇಕು. ಆಗಿದ್ದು ಮೊನ್ನೆ ರಾತ್ರಿ."

ಬಿಲ್ಲಕ್ಕ ಹಾಳೆ ನೋಡಿ ದನಿ ತಗ್ಗಿಸಿದಳು. "ದೂರು?"

"ಸದ್ಯಕ್ಕೆ ಬೇಡ ಅಂತಾಳೆ. ಯಾರು ಅಂತಲೂ ಬಾಯಿ ಬಿಡ್ತಿಲ್ಲ. ಇನ್ನೂ ಇಪ್ಪತ್ತು ವರ್ಷ. ಒಬ್ಬಳೇ ಬಂದಿದಾಳೆ."

ಹಾಳೆಯ ಜೊತೆ ಹುಡುಗಿಯ ಗುರುತಿನ ಚೀಟಿ ಇತ್ತು. ಬಿಲ್ಲಕ್ಕ ಅದರ ನಂಬರು ಒತ್ತಿದಳು. ಪರದೆಯ ಮೇಲೆ ಒಂದು ಕುಟುಂಬದ ಕಾರ್ಡು ತೆರೆದುಕೊಂಡಿತು. ಯಜಮಾನ ಒಬ್ಬ, ಅವನ ಹೆಂಡತಿ, ಹೆಂಡತಿಯ ತಂಗಿ. ತಂಗಿಯೇ ಈ ಹುಡುಗಿ. ಪುಣ್ಯಕ್ಕೆ ಕಾರ್ಡು ಸಿಕ್ಕಿತಲ್ಲ ಎಂದುಕೊಂಡು ಗುಂಡಿ ಒತ್ತಿದಳು. ಹನ್ನೊಂದು ನಲವತ್ತಕ್ಕೆ ಬಿಲ್ ಹಸಿರಾಯಿತು. ಹತ್ತು ನಿಮಿಷದಲ್ಲಿ ಹುಡುಗಿ ಮೊದಲ ಮಾತ್ರೆ ನುಂಗಿದಳು.

ಅಷ್ಟಕ್ಕೇ ಸುಮ್ಮನಿದ್ದರೆ ಅವಳು ಬಿಲ್ಲಕ್ಕ ಹೇಗಾದಾಳು? ಊಟಕ್ಕೆ ಏಳುವ ಹೊತ್ತಿಗೆ, ಪಾಪ, ಖರ್ಚಿನ ಚಿಂತೆಯಲ್ಲಿರುತ್ತದೆ ಮಗು, ಒಂದು ಮಾತು ಹೇಳಿ ಬರೋಣ ಎಂದು ತುರ್ತು ವಿಭಾಗದ ಹಿಂದಿನ ಸಣ್ಣ ಕೋಣೆಗೆ ಹೋದಳು. ಒಂದು ಮಂಚ, ಒಂದು ಸ್ಟೂಲು, ಗೋಡೆಯಲ್ಲಿ ಕೈ ತೊಳೆಯುವ ಬೇಸಿನ್ನು. ಹುಡುಗಿ ಮಂಚದ ಮೇಲೆ ಕೂರದೆ ಸ್ಟೂಲಿನ ಮೇಲೆ ಕೂತಿದ್ದಳು, ಬಾಗಿಲಿಗೆ ಮುಖ ಮಾಡಿ.

"ದುಡ್ಡಿನ ಯೋಚನೆ ಮಾಡ್ಬೇಡ ಮಗಳೇ," ಅಂದಳು ಬಿಲ್ಲಕ್ಕ ನಗುತ್ತಾ. "ಎಲ್ಲ ಫ್ರೀ ಆಯ್ತು. ನಿಮ್ಮನೆ ಕಾರ್ಡಿನ ಮೇಲೆ ಹಾಕಿದೀನಿ."

"ಯಾವ ಕಾರ್ಡು?"

"ಅದೇ ಕಣಮ್ಮ, ನಿಮ್ಮ ಭಾವನ ಹೆಸರಲ್ಲಿರೋದು."

ಹುಡುಗಿ ಎದ್ದಳು. ಎದ್ದವಳು ಗೋಡೆಗೆ ಆತುಕೊಂಡಳು. ಬಿಲ್ಲಕ್ಕ ಇಪ್ಪತ್ತಾರು ವರ್ಷ ಗಾಜಿನಾಚೆಯ ಮುಖಗಳನ್ನು ಓದಿದವಳು. ಈ ಮುಖ ಓದಲು ಅವಳಿಗೆ ಒಂದು ಕ್ಷಣ ಸಾಕಾಯಿತು.

"ಅವನೇನಾ?" ಎಂದು ಕೇಳಿದಳು.

ಹುಡುಗಿ ಹೌದೆಂದು ತಲೆಯಾಡಿಸಿದಳು. ಆಮೇಲೆ ಮಾತು ಒಂದೇ ಸಮನೆ ಬಂತು. "ಅವನಿಗೆ ಮೆಸೇಜ್ ಬರುತ್ತೆ. ಅಕ್ಕನ ಹಲ್ಲು ಕೀಳಿಸಿದಾಗ ಬಂದಿತ್ತು. ಬ್ಯಾಂಕಿನವರ ಜಾಹೀರಾತನ್ನೂ ಬಿಡದೆ ಓದೋನು ಅವನು. ಅಕ್ಕನಿಗೆ ನಾನಿನ್ನೂ ಏನೂ ಹೇಳಿಲ್ಲ. ಅವಳೀಗ ಆರು ತಿಂಗಳ ಬಸುರಿ. ನಾಳೆ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ್ಮೇಲೆ ಅವಳಿಗೆ ಹೇಳಿ ಇಬ್ಬರೂ ದೊಡ್ಡಮ್ಮನ ಮನೆಗೆ ಹೋಗೋಣ ಅಂತಿದ್ದೆ. ಇವತ್ತೇ ಗೊತ್ತಾದ್ರೆ ಅವನು ಅವಳನ್ನ ಬಿಡಲ್ಲ, ಅಮ್ಮಾ. ಕೂಡಿ ಹಾಕ್ತಾನೆ. ಮೊದ್ಲೂ ಹಾಗೆ ಮಾಡಿದಾನೆ."

ಕಾರ್ಡಿನ ಕಚೇರಿಯ ಕಂಪ್ಯೂಟರು ಆ ದಿನ ಹಸಿರಾದ ಬಿಲ್ಲುಗಳ ಮೆಸೇಜನ್ನೆಲ್ಲ ಸಂಜೆ ನಾಲ್ಕಕ್ಕೆ ಒಟ್ಟಿಗೆ ಯಜಮಾನರ ಮೊಬೈಲಿಗೆ ಕಳಿಸುತ್ತದೆ. ಯಾರಿಗೆ, ಯಾವ ವಿಭಾಗದಲ್ಲಿ, ಏತಕ್ಕೆ ಚಿಕಿತ್ಸೆ ಎಂದು ಬಿಡಿಸಿ ಬರೆದಿರುತ್ತದೆ. ಬಿಲ್ಲಕ್ಕನಿಗೆ ಇದು ಗೊತ್ತಿಲ್ಲದ್ದೇನಲ್ಲ. ಅವಳ ಕಣ್ಣಿನ ಪರೀಕ್ಷೆಯ ಮೆಸೇಜು ಗಂಡನಿಗೆ ಬಂದಾಗ ಅವನು ಅದನ್ನು ಓದಿ ತಮಾಷೆ ಮಾಡಿದ್ದ. ಗೊತ್ತಿತ್ತು, ಹೊಳೆದಿರಲಿಲ್ಲ. ಗಡಿಯಾರದಲ್ಲಿ ಒಂದೂಕಾಲು.

"ಇಲ್ಲೇ ಇರು. ನಾನು ನೋಡ್ತೀನಿ," ಎಂದವಳೇ ಓಡಿದಳು. ಮಂಡಿನೋವಿನ ಹೆಂಗಸು ಓಡುವುದನ್ನು ಕಂಡು ಕಾರಿಡಾರಿನಲ್ಲಿ ಕೂತವರು ಯಾರೋ ಸತ್ತರೆಂದುಕೊಂಡರು.

ಊಟದ ಬಿಡುವಿನ ಫಲಕ ತೂಗುಹಾಕಿದ್ದ ಕೌಂಟರಿನೊಳಗೆ ಕೂತು ಹುಡುಗಿಯ ಬಿಲ್ ತೆರೆದು ರದ್ದು ಎಂಬ ಗುಂಡಿ ಒತ್ತಿದಳು. ಪರದೆ ಒಂದು ಪ್ರಶ್ನೆ ಕೇಳಿತು. ಮುಂದುವರಿಸಬೇಕೇ? ಹೌದು, ಅಲ್ಲ. ಅವಳ ಬೆರಳು ಹೌದಿನ ಮೇಲೆ ಆಗಲೇ ಇತ್ತು. ಅಭ್ಯಾಸ, ದಿನಕ್ಕೆ ನಲವತ್ತು ಸಲ ಓದದೆಯೇ ಒತ್ತುವ ಗುಂಡಿ. ಅದು ಹೇಗೆ ಕಣ್ಣು ಮೇಲಿನ ಸಾಲಿಗೆ ಹೋಯಿತೋ, ರದ್ದು ಮಾಡಲು ಕುಟುಂಬದ ಯಜಮಾನರ ಮೊಬೈಲಿಗೆ ಒಟಿಪಿ ಕಳುಹಿಸಲಾಗುವುದು ಎಂದಿತ್ತು. ಬೆರಳು ಎತ್ತಿದಳು. ಒತ್ತಿದ್ದರೆ ನಾಲ್ಕು ಗಂಟೆಯವರೆಗೆ ಕಾಯುವ ಕೆಲಸವೇ ಇರಲಿಲ್ಲ, ಅವನ ಜೇಬಿನಲ್ಲಿ ಆಗಲೇ ಗಂಟೆ ಬಾರಿಸುತ್ತಿತ್ತು.

ಆಮೇಲೆ ಕಾರ್ಡಿನ ಕಚೇರಿಗೆ ಫೋನು. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗನ ದನಿ ಬಂತು.

"ಕಾರ್ಡಿನ ಫೋನ್ ನಂಬರ್ ಬದಲಾಯಿಸೋಕೆ ಯಜಮಾನರೇ ಕರೆ ಮಾಡ್ಬೇಕು ಮೇಡಂ."

"ಯಜಮಾನರಿಗೆ ಗೊತ್ತಾಗಬಾರದು ಅಂತಾನೇ ನಾನು ಮಾಡ್ತಿರೋದಪ್ಪ."

"ಅರ್ಥ ಆಯ್ತು ಮೇಡಂ. ಹಾಗಾದ್ರೆ ಯಜಮಾನರ ಒಪ್ಪಿಗೆ ತಗೊಂಡು ಮತ್ತೆ ಕರೆ ಮಾಡಿ."

"ನಿನಗೆ ಅಕ್ಕ ತಂಗಿ ಇದಾರೇನಪ್ಪ?"

"ಇನ್ನೇನಾದ್ರೂ ಸಹಾಯ ಬೇಕಾ ಮೇಡಂ?"

ಫೋನಿಟ್ಟು ಅವಳು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಎರಡು ಗಂಟೆಗೆ ಕೌಂಟರಿನ ಫಲಕ ತೆಗೆಯಬೇಕಿತ್ತು, ತೆಗೆಯಲಿಲ್ಲ. ಸಾಲು ಬೆಳೆಯಿತು, ಯಾರೋ ಗಾಜು ತಟ್ಟಿದರು. ಜನ್ಮದಲ್ಲಿ ಮೊದಲ ಸಲ ಬಿಲ್ಲಕ್ಕ ತನ್ನ ಸಾಲನ್ನು ಒಂದನೇ ಕೌಂಟರಿಗೆ ಕಳಿಸಿ, ಎರಡನೇ ಮಹಡಿಗೆ ಹತ್ತಿದಳು.

ಅಲ್ಲಿ ಕೂರುವವರು ಲೆಕ್ಕಪತ್ರದ ಅಧಿಕಾರಿ. ಯಾವ ಕಾಗದ ಬಂದರೂ ಒಂದು ಕೊಕ್ಕೆ ಹಾಕದೆ ಕೆಳಗೆ ಬಿಡುವವರಲ್ಲ, ಆದ್ದರಿಂದ ಕೊಕ್ಕೆ ಸಾಹೇಬರು. ಅವರು ಮೀಟಿಂಗಿನಲ್ಲಿದ್ದರು. ಬಾಗಿಲ ಹೊರಗಿನ ಬೆಂಚಿನಲ್ಲಿ ಅವಳು ಕೂತಳು, ಎದ್ದಳು, ಕೂತಳು. ಎರಡೂಮುಕ್ಕಾಲು. ಮೂರು. ಮೂರು ಹತ್ತಕ್ಕೆ ಬಾಗಿಲು ದೂಡಿಕೊಂಡೇ ಒಳನುಗ್ಗಿದಳು. ಒಳಗೆ ಮೀಟಿಂಗು ಮುಗಿದು ಚಹಾ ನಡೆಯುತ್ತಿತ್ತು.

ಕೊಕ್ಕೆ ಸಾಹೇಬರು ಎಲ್ಲ ಕೇಳಿಸಿಕೊಂಡರು. ಕೆಟ್ಟವರಲ್ಲ, ಹೆದರುವವರು. ಉಳಿದವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು.

"ಒಂದೇ ದಾರಿ ಇರೋದು," ಅಂದರು. "ತಪ್ಪು ಕಾರ್ಡು ಘೋಷಣೆ. ಕೌಂಟರಿನವರು ಬೇರೆಯವರ ಕಾರ್ಡನ್ನ ತಪ್ಪಾಗಿ ಬಳಸಿದಾರೆ ಅಂತ ಆಸ್ಪತ್ರೆಯಿಂದ ಬರ್ಕೊಟ್ರೆ ಬಿಲ್ಲು ಅಲ್ಲೇ ನಿಲ್ಲುತ್ತೆ, ಮೆಸೇಜೂ ಹೋಗಲ್ಲ. ಆದರೆ ಅದು ಮೋಸದ ಕಲಮಿನ ಕೆಳಗೆ ಬರುತ್ತೆ. ನಿಮ್ಮ ಮೇಲೆ ವಿಚಾರಣೆ ಆಗುತ್ತೆ. ಆರು ತಿಂಗಳಲ್ಲಿ ಪಿಂಚಣಿ ನಿಮ್ದು. ಯೋಚನೆ ಮಾಡಿದೀರಾ?"

"ಮಾಡಿದೆ. ಎಲ್ಲಿ ಸಹಿ ಹಾಕ್ಬೇಕು?"

"ಅಲ್ಲಾ ಬಿಲ್ಲಕ್ಕ, ಇದು ಸುಳ್ಳು ಘೋಷಣೆ ಆಗಲ್ವಾ? ಕಾರ್ಡಿನಲ್ಲಿ ಆ ಹುಡುಗಿ ಹೆಸರು ಇದೆಯಲ್ಲ. ಅವಳದೇ ಕಾರ್ಡು."

"ಕಾರ್ಡು ಅವಳದಲ್ಲ ಸಾರ್, ಅವನದು. ಅವನಿಂದ ತಪ್ಪಿಸ್ಕೊಂಡು ಬಂದವಳನ್ನ ನಾನು ಅವನ ಕಾರ್ಡಿಗೆ ಕಟ್ಟಿದೀನಿ. ಇದಕ್ಕಿಂತ ದೊಡ್ಡ ತಪ್ಪು ಕಾರ್ಡು ಯಾವುದಿದೆ?"

ಸಾಹೇಬರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಕೊಕ್ಕೆ ತೆಗೆದರು. ಕಾರ್ಡಿನ ಬಿಲ್ ನಿಂತರೆ ಖರ್ಚು ಯಾರ ತಲೆ ಮೇಲೆ? ದೂರಿನ ನಂಬರಿಲ್ಲದೆ ನಿಧಿಯವರು ಕೊಡುವುದಿಲ್ಲ. ಹಾಗೆನ್ನುತ್ತಾ ನಿಧಿಯ ಕಡತ ಎಳೆದು, ತಾವು ಹೇಳಿದ್ದನ್ನು ತೋರಿಸಲು ಹಾಳೆ ತಿರುವಿದರು. ತಿರುವುತ್ತಾ ತಿರುವುತ್ತಾ ಒಂದು ಕಡೆ ಅವರ ಕೈ ನಿಂತಿತು. ಮೂರು ವರ್ಷದ ಹಿಂದಿನ ಸುತ್ತೋಲೆ. ದೂರು ಕೊಡದವರಿಗೂ ನಿಧಿ ಅನ್ವಯಿಸತಕ್ಕದ್ದು, ಖಾನೆ ಖಾಲಿ ಬಿಟ್ಟು ವೈದ್ಯರ ಸಹಿ ಪಡೆದರೆ ಸಾಕು. ಮೂಲೆಯಲ್ಲಿ, ಓದಿದೆ ಎಂಬುದಕ್ಕೆ ಸಾಹೇಬರದೇ ಚಿಕ್ಕ ಸಹಿ. ಬಿಲ್ಲಕ್ಕ ಅದನ್ನು ನೋಡಿದಳು, ಅವರೂ ನೋಡಿದರು. ಗಂಟೆ ಮೂರು ಮೂವತ್ತೈದು.

ಅವಳು ಘೋಷಣೆ ಬರೆದಳು. ನಾನು, ಮೂರನೇ ಕೌಂಟರಿನ ಬಿಲ್ ಗುಮಾಸ್ತೆ, ಈ ದಿನ ಬಳಸಬಾರದ ಕಾರ್ಡನ್ನು ಬಳಸಿರುತ್ತೇನೆ. ಸಹಿ ಹಾಕುವಾಗ ಇಪ್ಪತ್ತಾರು ವರ್ಷ ಕಣ್ಣ ಮುಂದೆ ಬರಲಿಲ್ಲ. ಗಡಿಯಾರದ ದೊಡ್ಡ ಮುಳ್ಳು ಮಾತ್ರ ಕಾಣುತ್ತಿತ್ತು. ಇನ್ನು ಸಾಹೇಬರು ತಮ್ಮ ಪಾಸ್‌ವರ್ಡ್ ಹಾಕಿ ಅದನ್ನು ಕಳಿಸಬೇಕು. ಮೊದಲ ಸಲ ಹಾಕಿದರು, ತಪ್ಪು. ಎರಡನೇ ಸಲ, ತಪ್ಪು. ಇನ್ನೊಂದು ಸಲ ತಪ್ಪಿದರೆ ನಾಳೆ ಬೆಳಿಗ್ಗೆಯವರೆಗೆ ಬೀಗ ಎಂದಿತು ಕಂಪ್ಯೂಟರು.

"ಹೆದರಿಸ್ಬೇಡಿ ನನ್ನ," ಅಂದರು ಸಾಹೇಬರು, ಅವಳು ತುಟಿಪಿಟಕ್ಕೆನ್ನದೆ ನಿಂತಿದ್ದರೂ.

"ಕನ್ನಡಕ ಒರೆಸ್ಕೊಳ್ಳಿ ಸಾರ್. ನಿಧಾನಕ್ಕೆ, ಒಂದೊಂದೇ ಅಕ್ಷರ."

ಅವರು ಒರೆಸಿಕೊಂಡರು. ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದರು. ಮೂರು ಐವತ್ತೆರಡಕ್ಕೆ ಹಸಿರಾಗಿದ್ದ ಬಿಲ್ ಕೆಂಪಾಯಿತು. ಹಾಗಿದ್ದೂ ಇಬ್ಬರೂ ಪರದೆಯ ಮುಂದಿನಿಂದ ಕದಲಲಿಲ್ಲ. ನಾಲ್ಕು ಹೊಡೆಯಿತು. ನಾಲ್ಕು ಐದಕ್ಕೆ ಕಳುಹಿಸಿದ ಮೆಸೇಜುಗಳ ಪಟ್ಟಿ ಬಂತು, ಇನ್ನೂರ ಹನ್ನೊಂದು ಹೆಸರು. ಬಿಲ್ಲಕ್ಕ ಬೆರಳಿಟ್ಟು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಹುಡುಗಿಯ ಹೆಸರು ಇರಲಿಲ್ಲ. ಅಲ್ಲೇ ಕುರ್ಚಿಯಲ್ಲಿ ಕುಸಿದು ಸಾಹೇಬರ ಆರಿದ ಚಹಾ ಎತ್ತಿ ಕುಡಿದುಬಿಟ್ಟಳು.

ಸಣ್ಣ ಕೋಣೆಯಲ್ಲಿ ಹುಡುಗಿ ಅದೇ ಸ್ಟೂಲಿನ ಮೇಲೆ ಇದ್ದಳು.

"ಹೋಗಿಲ್ಲ," ಅಂದಳು ಬಿಲ್ಲಕ್ಕ. "ಇನ್ನು ಹೋಗೋದೂ ಇಲ್ಲ. ನನ್ನಿಂದ ತಪ್ಪಾಯ್ತು ಮಗಳೇ, ಕ್ಷಮಿಸು."

"ನೀವು ನಗ್ತಾ ಬಂದ್ರಲ್ಲ, ಫ್ರೀ ಆಯ್ತು ಅಂತ, ಆಗ ನಿಮ್ಮನ್ನ ಕೊಂದುಬಿಡೋಷ್ಟು ಕೋಪ ಬಂದಿತ್ತು," ಅಂದಳು ಹುಡುಗಿ. ಅಷ್ಟು ಹೇಳಿ ಮೊದಲ ಸಲ ಅತ್ತಳು. ಬಿಲ್ಲಕ್ಕನೂ ಅತ್ತಳು. ಅಪ್ಪಿಕೊಳ್ಳಲು ಕೈ ಚಾಚಿದವಳು, ಮುಟ್ಟುವುದು ಬೇಕೋ ಬೇಡವೋ ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು.

ಮನೆಯಲ್ಲಿ ಗಂಡ ಫ್ಯಾನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಎಲ್ಲ ಕೇಳಿ, ಸ್ಕ್ರೂಡ್ರೈವರ್ ಕೆಳಗಿಟ್ಟು, ಪಿಂಚಣಿಯ ಮಾತೆತ್ತದೆ ಒಂದೇ ಮಾತಂದ: "ವಿಚಾರಣೇಲಿ ಇದೇ ಮೊದ್ಲು ಅಂದ್ಬಿಡು. ಮೊದಲ್ನೇ ತಪ್ಪಿಗೆ ಯಾರೂ ತಲೆ ತೆಗೆಯಲ್ಲ." ಅದು ಸರಿಯೇ ಅನ್ನಿಸಿತು ಅವಳಿಗೆ.

ಮರುದಿನ ಬೆಳಿಗ್ಗೆ ಅಕ್ಕ ತಂಗಿ ಇಬ್ಬರೂ ದೊಡ್ಡಮ್ಮನ ಮನೆ ಸೇರಿದ ಸುದ್ದಿಯನ್ನು ಸಿಸ್ಟರ್ ತಂದಳು. ಏಳು ದಿನದ ಮಾತ್ರೆ ಮುಗಿದ ಮೇಲೆ ಉಳಿದ ಮೂರು ವಾರದ್ದಕ್ಕೆ ಹುಡುಗಿ ಬಂದಳು, ಅಕ್ಕನ ಕೈ ಹಿಡಿದುಕೊಂಡು. ಈ ಸಲ ಬಿಲ್ ನೇರವಾಗಿ ನಿಧಿಯ ಹೆಸರಿಗೆ ಹೋಯಿತು, ಖಾನೆ ಖಾಲಿ, ಡಾಕ್ಟರ ಸಹಿ. ಅವರು ಹೋದ ಮೇಲೆ ಸಿಸ್ಟರ್ ಸಂತೋಷದಿಂದ ಅಂದಳು: "ಬಂದ್ಳಲ್ಲ ಅಕ್ಕಾ! ಇಂಥ ಕೇಸಲ್ಲಿ ಎರಡನೇ ಸಲ ಬರೋರೇ ಇಲ್ಲ ನೋಡಿ. ಅರ್ಧಕ್ಕೆ ಬಿಟ್ಬಿಡ್ತಾರೆ."

ಹೌದು, ಬರುವುದಿಲ್ಲ. ಪುಕ್ಕಟೆ ಕೊಟ್ಟರೆ ಬೆಲೆ ಇರುವುದಿಲ್ಲ ಎಂದು ಬಿಲ್ಲಕ್ಕನೇ ಎಷ್ಟೋ ಸಲ ಅಂದಿದ್ದಳು. ಈಗ ಆ ಮಾತಿನ ಮೇಲೆ ಅವಳಿಗೇ ಅನುಮಾನ ಬಂತು. ಅಂದು ಊಟಕ್ಕೆ ಏಳಲಿಲ್ಲ. ಐದು ವರ್ಷದ ಬಿಲ್ಲುಗಳಲ್ಲಿ ಆ ಒಂದು ಚಿಕಿತ್ಸೆಯವನ್ನು ಹುಡುಕಿ, ತಾನು ಕಾರ್ಡಿಗೆ ಹಾಕಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಳು. ಈ ಹುಡುಗಿಯದನ್ನು ಬಿಟ್ಟು ಹದಿನೆಂಟು. ಪ್ರತಿಯೊಂದರ ಮುಂದೆ ಮೆಸೇಜು ಹೋದ ತಾರೀಖು, ಎಲ್ಲ ಸಂಜೆ ನಾಲ್ಕು. ಪಕ್ಕದಲ್ಲಿ ಎರಡನೇ ಭೇಟಿಯ ಖಾನೆ. ಖಾಲಿ, ಖಾಲಿ, ಖಾಲಿ. ಮೂವರು ಮಾತ್ರ ಬಂದಿದ್ದರು. ಉಳಿದವರಲ್ಲಿ ಎಷ್ಟು ಜನರ ಯಜಮಾನ ಆ ಸಂಜೆ ಮೆಸೇಜು ಓದಿ ಮನೆಗೆ ಹೋದನೋ, ಮನೆಗೆ ಹೋಗಿ ಏನು ಮಾಡಿದನೋ. ಆ ಹದಿನೆಂಟು ಮುಖಗಳಲ್ಲಿ ಒಂದೂ ಅವಳಿಗೆ ನೆನಪಾಗಲಿಲ್ಲ. ಬಿಲ್ ಹಸಿರಾದದ್ದು ಮಾತ್ರ ನೆನಪಿತ್ತು.

ವಿಚಾರಣೆ ನಡೆದದ್ದು ಎರಡನೇ ಮಹಡಿಯಲ್ಲೇ. ಕೇಂದ್ರ ಕಚೇರಿಯಿಂದ ಬಂದಿದ್ದ ಒಬ್ಬ ಮೇಡಂ, ಬರೆದುಕೊಳ್ಳಲು ಒಬ್ಬ ಗುಮಾಸ್ತ, ಪಕ್ಕದಲ್ಲಿ ಕೊಕ್ಕೆ ಸಾಹೇಬರು. ಮೇಡಂ ಕಾಗದವನ್ನೆಲ್ಲ ಓದಿಕೊಂಡೇ ಬಂದಿದ್ದರು, ದನಿಯಲ್ಲಿ ಮರುಕವಿತ್ತು.

"ನೀವು ಮಾಡಿದ್ದು ಯಾಕೆ ಅಂತ ನಮಗೆ ಅರ್ಥ ಆಗಿದೆ. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲನೇ ತಪ್ಪು, ಅಲ್ವಾಮ್ಮ? ಹಾಗಂತ ಬರ್ಕೊಂಡು ಮುಗಿಸ್ಬಿಡೋಣ."

ಸಾಹೇಬರು ಅವಳ ಕಡೆ ನೋಡಿ ಹೂಂ ಅನ್ನಿ ಎಂಬಂತೆ ಕಣ್ಣು ಮಾಡಿದರು. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಿಲ್ಲಕ್ಕ ಸೆರಗಿನ ಒಳಗಿಂದ ಮಡಿಸಿದ ಹಾಳೆ ತೆಗೆದಳು.

"ಅಲ್ಲ ಮೇಡಂ. ಇದು ಹತ್ತೊಂಬತ್ತನೇದು."

ಯಾರೂ ಅವರ ಹೆಸರೆತ್ತಿರಲಿಲ್ಲ, ಆದರೂ ಸಾಹೇಬರು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡರು. "ನಾನೇ... ಪದ್ಧತಿ ನಾನೇ ಹೇಳಿದ್ದು," ಅಂದರು, ಬಹಳ ಮೆಲ್ಲಗೆ. ಗುಮಾಸ್ತನ ಪೆನ್ನು ನಿಂತಿತ್ತು. ಇದನ್ನೂ ಬರೆಯಬೇಕೇ ಎಂದು ಅವನು ಮೇಡಂ ಮುಖ ನೋಡಿದ.

"ಬರ್ಕೊಳ್ಳಪ್ಪ," ಅಂದಳು ಬಿಲ್ಲಕ್ಕ. "ಹದಿನೆಂಟು ಮನೆಗೆ ಮೆಸೇಜು ಹೋಗಿದೆ. ಹದಿನೈದು ಜನ ಮತ್ತೆ ಬಂದಿಲ್ಲ. ಯಾಕೆ ಬರ್ಲಿಲ್ಲ ಅಂತ ಈಗ್ಲಾದ್ರೂ ಯಾರಾದ್ರೂ ಹೋಗಿ ಕೇಳ್ಬೇಕು."

ಮೇಡಂ ಹಾಳೆಯ ಮೇಲೆ ಕಣ್ಣಾಡಿಸಿ, ಮೇಜಿನ ಮೇಲಿದ್ದ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು.

ಬಿಲ್ಲಕ್ಕ ಎದ್ದು ಫೋನಿನ ಮೇಲೆ ಕೈಯಿಟ್ಟಳು. "ಫೋನ್ ಮಾತ್ರ ಮಾಡ್ಬೇಡಿ ಮೇಡಂ. ನಮ್ಮ ಹತ್ರ ಇರೋ ನಂಬರೆಲ್ಲ ಯಜಮಾನರದ್ದೇ."